ನೆರವು ಬಂದಿಳಿಯುವ ಕಡೆ: ಕತ್ರಿನಾ ಚಂಡಮಾರುತ ಮತ್ತು ನ್ಯೂ ಆರ್ಲಿಯನ್ಸ್‌ನ ನೆರೆಯ ದೇಶಗಳು

2005ರ ಸೆಪ್ಟೆಂಬರ್ 8ರಂದು ಮೆಕ್ಸಿಕೋ ಸೇನೆಯ ಸುಮಾರು 45 ವಾಹನಗಳ ಸಾಲೊಂದು ಟೆಕ್ಸಾಸಿನ ಲರೇಡೊ ಬಳಿ ಗಡಿ ದಾಟಿ ಅಮೆರಿಕದೊಳಗೆ ಬಂದಿತು. ಅದರಲ್ಲಿದ್ದ 200ರಷ್ಟು ಸಿಬ್ಬಂದಿ ನಿರಾಯುಧರಾಗಿದ್ದರು. ಅವರೊಂದಿಗೆ ಸಂಚಾರಿ ಅಡುಗೆಮನೆಗಳು, ನೀರು ಶುದ್ಧೀಕರಿಸುವ ಘಟಕಗಳು ಮತ್ತು ಔಷಧಿಗಳಿದ್ದವು. ವೈದ್ಯರೂ ಎಂಜಿನಿಯರುಗಳೂ ತಂಡದಲ್ಲಿದ್ದರು. 1846ರಲ್ಲಿ ಎರಡೂ ದೇಶಗಳ ನಡುವೆ ಯುದ್ಧವಾದ ಮೇಲೆ ಮೆಕ್ಸಿಕೋದ ಸೇನಾ ತುಕಡಿಯೊಂದು ಅಮೆರಿಕದ ನೆಲದಲ್ಲಿ ಕಾರ್ಯಾಚರಣೆಗೆ ಇಳಿದದ್ದು ಅದೇ ಮೊದಲು ಎಂದು ಆಗಿನ ಪತ್ರಿಕೆಗಳು ಬರೆದವು.

ಪರಿಹಾರ ಸಾಮಗ್ರಿಗಳ ದಾಸ್ತಾನು ಮತ್ತು ಸಾಗಣೆಯ ಕೆಲಸದಲ್ಲಿರುವ ನಮ್ಮಂಥವರಿಗೆ ಈ ಘಟನೆ ಮುಖ್ಯವಾಗುವುದು ಅದರ ಚಾರಿತ್ರಿಕ ವಿಶೇಷಕ್ಕಾಗಿ ಅಲ್ಲ. ಒಂದು ದೊಡ್ಡ ನಗರ ಮುಳುಗಿದಾಗ ಅಕ್ಕಪಕ್ಕದ ದೇಶಗಳು ಏನನ್ನು ಕಳುಹಿಸಿದವು, ಅದರಲ್ಲಿ ಯಾವುದು ಸಂತ್ರಸ್ತರ ಕೈ ಸೇರಿತು, ಯಾವುದು ಗೋದಾಮಿನಲ್ಲೇ ಉಳಿಯಿತು ಎಂಬುದು ಇಷ್ಟು ವಿವರವಾಗಿ ದಾಖಲಾದ ಪ್ರಕರಣಗಳು ಕಡಿಮೆ. ಆ ದಾಖಲೆಗಳನ್ನು ಓದಿದಷ್ಟೂ ನನಗೆ ಒಂದು ಸಂಗತಿ ಸ್ಪಷ್ಟವಾಗುತ್ತ ಬಂದಿದೆ. ಕೊಡುವವರ ಔದಾರ್ಯ ಎಷ್ಟೇ ದೊಡ್ಡದಿರಲಿ, ತೆಗೆದುಕೊಳ್ಳುವವರು ಮೊದಲೇ ಮಾಡಿಟ್ಟುಕೊಂಡ ಸಿದ್ಧತೆ ಎಷ್ಟಿದೆಯೋ ಅಷ್ಟು ಮಾತ್ರ ನೆರವು ಜನರಿಗೆ ಮುಟ್ಟುತ್ತದೆ.

ಕತ್ರಿನಾ ಚಂಡಮಾರುತ ಲೂಸಿಯಾನ ಕರಾವಳಿಯನ್ನು ಅಪ್ಪಳಿಸಿದ್ದು 2005ರ ಆಗಸ್ಟ್ 29ರ ಬೆಳಿಗ್ಗೆ. ನ್ಯೂ ಆರ್ಲಿಯನ್ಸ್ ನಗರವನ್ನು ಹಾಳುಮಾಡಿದ್ದು ಗಾಳಿಗಿಂತ ಹೆಚ್ಚಾಗಿ ನೀರು. ನಗರದ ಸುಮಾರು ಅರ್ಧಭಾಗ ಸಮುದ್ರಮಟ್ಟಕ್ಕಿಂತ ತಗ್ಗಿನಲ್ಲಿದೆ. ಕಾಲುವೆಗಳ ಉದ್ದಕ್ಕೂ ಕಟ್ಟಿದ್ದ ತಡೆಗೋಡೆಗಳು ಮತ್ತು ಒಡ್ಡುಗಳು ಹಲವೆಡೆ ಕುಸಿದು, ನಗರದ ಶೇಕಡಾ 80ರಷ್ಟು ಪ್ರದೇಶ ಜಲಾವೃತವಾಯಿತು. ಆ ನೀರನ್ನು ಪಂಪುಗಳಿಂದ ಹೊರಹಾಕಲು ವಾರಗಳೇ ಬೇಕಾದವು. ಸಾವಿನ ಸಂಖ್ಯೆ 1,800ಕ್ಕೂ ಹೆಚ್ಚು ಎಂದು ಬಹುಕಾಲ ಲೆಕ್ಕಹಾಕಲಾಗಿತ್ತು. ಅಮೆರಿಕದ ರಾಷ್ಟ್ರೀಯ ಚಂಡಮಾರುತ ಕೇಂದ್ರ 2023ರಲ್ಲಿ ಅದನ್ನು 1,392 ಎಂದು ಪರಿಷ್ಕರಿಸಿತು. ಲಕ್ಷಾಂತರ ಜನ ಊರು ಬಿಟ್ಟು ಹೂಸ್ಟನ್, ಸ್ಯಾನ್ ಆಂಟೋನಿಯೊ, ಬ್ಯಾಟನ್ ರೂಜ್ ಮೊದಲಾದ ನಗರಗಳ ಶಿಬಿರಗಳನ್ನು ಸೇರಿದರು.

ಮೆಕ್ಸಿಕೋದ ವಾಹನಗಳು ನ್ಯೂ ಆರ್ಲಿಯನ್ಸಿಗೆ ಹೋಗದೆ ಸ್ಯಾನ್ ಆಂಟೋನಿಯೊದಲ್ಲಿ ನಿಂತದ್ದು ಈ ಕಾರಣಕ್ಕೆ. ನಗರ ಮುಳುಗಿದ ಮೇಲೆ ನಗರದ ಜನ ಎಲ್ಲಿರುತ್ತಾರೋ ಅಲ್ಲಿಗೇ ಪರಿಹಾರ ಹೋಗಬೇಕು. ಹಳೆಯ ಕೆಲ್ಲಿ ವಾಯುನೆಲೆಯ ಆವರಣದಲ್ಲಿ ಬಿಡಾರ ಹೂಡಿದ ತಂಡ ಸೆಪ್ಟೆಂಬರ್ ಕೊನೆಯ ವಾರದವರೆಗೆ ಅಲ್ಲಿದ್ದು, ಸುಮಾರು 1,70,000 ಊಟಗಳನ್ನು ಬಡಿಸಿತು, 500ಕ್ಕೂ ಹೆಚ್ಚು ರೋಗಿಗಳನ್ನು ನೋಡಿತು. ನಮ್ಮ ಗಂಜಿ ಕೇಂದ್ರಗಳನ್ನು ನಡೆಸಿದ ಯಾರಿಗಾದರೂ ಈ ಸಂಖ್ಯೆಯ ಹಿಂದಿನ ಶ್ರಮ ಅರ್ಥವಾಗುತ್ತದೆ, ಏಕೆಂದರೆ ಬಿಸಿಯೂಟ ಬಡಿಸುವುದೆಂದರೆ ಅಕ್ಕಿ ಬೇಯಿಸುವುದಷ್ಟೇ ಅಲ್ಲ. ನೀರು, ಉರುವಲು, ಪಾತ್ರೆ ತೊಳೆಯುವ ಜಾಗ, ತ್ಯಾಜ್ಯ ಸಾಗಿಸುವ ಗಾಡಿ, ಪಾಳಿ ಬದಲಾಯಿಸಲು ಬೇಕಾದ ಜನ, ಇವೆಲ್ಲ ಒಂದೂ ತಪ್ಪದೆ ದಿನವೂ ಒದಗಬೇಕು.

ಆ ತಂಡಕ್ಕೆ ಇದು ಸಾಧ್ಯವಾದದ್ದು ದಿಢೀರನೆ ಅಲ್ಲ. ಮೆಕ್ಸಿಕೋ ಸೇನೆಗೆ 1966ರಿಂದಲೂ ಡಿಎನ್-3-ಇ ಎಂಬ ವಿಪತ್ತು ಪರಿಹಾರ ಯೋಜನೆ ಇದೆ. ನೆರೆ, ಚಂಡಮಾರುತ, ಭೂಕಂಪ ಯಾವುದೇ ಬಂದರೂ ಅದೇ ಅಡುಗೆ ಗಾಡಿಗಳು, ಅದೇ ನೀರಿನ ಘಟಕಗಳು, ಅದೇ ತರಬೇತಿಯ ಜನ ಹೊರಡುತ್ತಾರೆ. ಅತಿಥಿ ತನ್ನ ಬುತ್ತಿ, ಹಾಸಿಗೆಗಳೊಂದಿಗೆ ಬಂದು ಮನೆಯವರಿಗೂ ಉಣಬಡಿಸಿದಂತೆ ಅವರು ಬಂದಿದ್ದರು. ಸಂಕಷ್ಟದಲ್ಲಿರುವ ಸ್ಥಳೀಯ ಆಡಳಿತದ ಬಳಿ ಹೊರಗಿನಿಂದ ಬಂದ ತಂಡವೊಂದು ಡೀಸೆಲ್, ಊಟ, ಮಲಗುವ ಜಾಗ ಕೇಳಿದರೆ ಅದು ನೆರವಾಗಿ ಉಳಿಯುವುದಿಲ್ಲ, ಹೊರೆಯಾಗುತ್ತದೆ. ಸ್ಯಾನ್ ಆಂಟೋನಿಯೊದಲ್ಲಿ ಸ್ಪ್ಯಾನಿಷ್ ಬಲ್ಲವರು ಸಾಕಷ್ಟಿದ್ದದ್ದೂ ಅನುಕೂಲವಾಯಿತು. ಸೇನೆಯ ತಂಡವಲ್ಲದೆ ಮೆಕ್ಸಿಕೋ ನೌಕಾಪಡೆಯ ಪಾಪಲೋವಾಪಾನ್ ಎಂಬ ಹಡಗು ಮಿಸಿಸಿಪ್ಪಿ ಕರಾವಳಿಗೆ ಬಂದು, ಅದರ ಸಿಬ್ಬಂದಿ ಬಿಲೊಕ್ಸಿ ಸುತ್ತಮುತ್ತ ಅವಶೇಷಗಳನ್ನು ತೆರವು ಮಾಡಿದರು.

ಕೆನಡಾದ ನೆರವು ಇನ್ನೊಂದು ಬಗೆಯದು. ವ್ಯಾಂಕೂವರ್ ನಗರದ ಶೋಧ ಮತ್ತು ರಕ್ಷಣಾ ತಂಡ ಚಂಡಮಾರುತ ಬಂದ ಕೆಲವೇ ದಿನಗಳಲ್ಲಿ ನ್ಯೂ ಆರ್ಲಿಯನ್ಸಿಗೆ ತಾಗಿಕೊಂಡ ಸೇಂಟ್ ಬರ್ನಾರ್ಡ್ ಜಿಲ್ಲೆಯನ್ನು ತಲುಪಿ, ಛಾವಣಿ ಮತ್ತು ಅಟ್ಟಗಳಲ್ಲಿ ಸಿಕ್ಕಿಕೊಂಡಿದ್ದ ನೂರಕ್ಕೂ ಹೆಚ್ಚು ಜನರನ್ನು ಹೊರತಂದಿತು. ತಮ್ಮದೇ ಒಕ್ಕೂಟ ಸರ್ಕಾರದ ತಂಡಗಳಿಗಿಂತ ಮೊದಲು ಕೆನಡಾದವರು ಬಂದರು ಎಂದು ಅಲ್ಲಿಯ ಜನಪ್ರತಿನಿಧಿಗಳೇ ಹೇಳಿದರು. ಆಮೇಲೆ ಸೆಪ್ಟೆಂಬರ್ 6ರಂದು ಹ್ಯಾಲಿಫ್ಯಾಕ್ಸ್ ಬಂದರಿನಿಂದ ಮೂರು ಯುದ್ಧನೌಕೆಗಳೂ ಕರಾವಳಿ ಪಡೆಯ ಒಂದು ಹಡಗೂ ಸುಮಾರು 1,000 ಸಿಬ್ಬಂದಿಯೊಂದಿಗೆ ದಕ್ಷಿಣಕ್ಕೆ ಹೊರಟವು. ಕೆನಡಾ ನೌಕಾಪಡೆಯ ಮುಳುಗುಗಾರರು ಅಮೆರಿಕದ ಮುಳುಗುಗಾರರ ಜೊತೆ ಸೇರಿ ಜಲಮಾರ್ಗಗಳಲ್ಲಿದ್ದ ಅಡೆತಡೆಗಳ ಮೇಲೆ ಕೆಲಸ ಮಾಡಿದರು. ಮಿಸಿಸಿಪ್ಪಿ ನದಿಯ ಬಂದರುಗಳು ತೆರೆಯದೆ ಆ ಪ್ರದೇಶದ ವ್ಯಾಪಾರವೂ ಇಂಧನವೂ ಚಲಿಸುವುದಿಲ್ಲ, ಆದ್ದರಿಂದ ಈ ಕೆಲಸ ಎಷ್ಟು ಅಗತ್ಯವಿತ್ತೆಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಎರಡೂ ದೇಶಗಳ ಸೇನೆಗಳು ದಶಕಗಳಿಂದ ಜಂಟಿಯಾಗಿ ತಾಲೀಮು ನಡೆಸುತ್ತ ಬಂದಿದ್ದರಿಂದ, ಯಾರ ಆದೇಶ ಯಾರಿಗೆ ಅನ್ವಯಿಸುತ್ತದೆ ಎಂಬ ಗೊಂದಲ ಹೆಚ್ಚು ಇರಲಿಲ್ಲ.

ಇನ್ನು ಸೋತದ್ದರ ಕಡೆಗೆ ಬರುತ್ತೇನೆ, ಏಕೆಂದರೆ ಕಲಿಯುವುದು ಅಲ್ಲಿ ಹೆಚ್ಚಿದೆ.

ಕೂಗಳತೆಯಷ್ಟು ಹತ್ತಿರದ ಕ್ಯೂಬಾ 1,500ಕ್ಕೂ ಹೆಚ್ಚು ವೈದ್ಯರನ್ನು ಔಷಧಿಗಳೊಂದಿಗೆ ಕಳುಹಿಸಲು ಮುಂದೆ ಬಂದಿತು. ಚಂಡಮಾರುತಗಳ ಹಾದಿಯಲ್ಲೇ ಇರುವ ಆ ದೇಶದ ವೈದ್ಯರಿಗೆ ಇಂಥ ಕೆಲಸದ ಅನುಭವ ಧಾರಾಳವಾಗಿತ್ತು. ಅಮೆರಿಕ ಆ ಪ್ರಸ್ತಾವವನ್ನು ಒಪ್ಪಿಕೊಳ್ಳಲಿಲ್ಲ. ಅದೇ ತಿಂಗಳು ಹೆನ್ರಿ ರೀವ್ ದಳ ಎಂಬ ಹೆಸರಿನಲ್ಲಿ ಸಂಘಟಿತವಾದ ಆ ವೈದ್ಯರು, ಅಕ್ಟೋಬರಿನಲ್ಲಿ ಪಾಕಿಸ್ತಾನದಲ್ಲಿ ಭೂಕಂಪವಾದಾಗ ಅಲ್ಲಿಗೆ ಹೋಗಿ ಚಿಕಿತ್ಸೆ ಕೊಟ್ಟರು. ಎರಡು ಸರ್ಕಾರಗಳ ವೈರ ನನಗೆ ತಿಳಿಯದ್ದಲ್ಲ. ಆದರೂ ಆಸ್ಪತ್ರೆಗಳು ಮುಳುಗಿ ರೋಗಿಗಳು ಉಸಿರುಗಟ್ಟುತ್ತಿದ್ದ ದಿನಗಳಲ್ಲಿ ಹತ್ತಿರದ ವೈದ್ಯರನ್ನು ಬೇಡವೆಂದದ್ದನ್ನು ಒಪ್ಪಲು ನನ್ನಿಂದ ಸಾಧ್ಯವಾಗಿಲ್ಲ. ಅದಲ್ಲದೆ, ರಾಜಕೀಯ ಅಡ್ಡಿ ಇಲ್ಲದ ದೇಶಗಳ ವೈದ್ಯರಿಗೂ ಅಮೆರಿಕದಲ್ಲಿ ಚಿಕಿತ್ಸೆ ನೀಡುವ ಪರವಾನಗಿ ದೊರಕಿಸಿಕೊಡುವ ತುರ್ತು ವ್ಯವಸ್ಥೆ ಆಗ ಸಿದ್ಧವಿರಲಿಲ್ಲ.

ಆಹಾರದ ಕಥೆ ಇನ್ನೂ ಕಹಿಯಾದದ್ದು. ಬ್ರಿಟನ್ ತನ್ನ ಸೈನಿಕರ ಊಟದ ಪೊಟ್ಟಣಗಳನ್ನು ಲಕ್ಷಗಟ್ಟಲೆ ವಿಮಾನದಲ್ಲಿ ಕಳುಹಿಸಿತು. ಹುಚ್ಚು ಹಸು ರೋಗದ ಭೀತಿಯಿಂದ ಅಮೆರಿಕದ ಕೃಷಿ ಇಲಾಖೆ ಬ್ರಿಟನ್ನಿನ ಗೋಮಾಂಸವನ್ನು ಮೊದಲೇ ನಿಷೇಧಿಸಿತ್ತು. ಪೊಟ್ಟಣಗಳಲ್ಲಿ ಮಾಂಸವಿದೆ ಎಂಬ ಕಾರಣಕ್ಕೆ ಅವು ಅರ್ಕಾನ್ಸಾಸ್ ರಾಜ್ಯದ ಗೋದಾಮಿನಲ್ಲಿ ಉಳಿದವು, ಅದಕ್ಕೆ ತಿಂಗಳುಗಟ್ಟಲೆ ಬಾಡಿಗೆಯನ್ನೂ ಕಟ್ಟಲಾಯಿತು. ಇಲ್ಲಿ ಯಾರೂ ಕೆಟ್ಟ ಉದ್ದೇಶದಿಂದ ನಡೆದುಕೊಳ್ಳಲಿಲ್ಲ. ನೆರವನ್ನು ಒಪ್ಪಿಕೊಂಡದ್ದು ಒಂದು ಇಲಾಖೆ, ವಿಮಾನದಿಂದ ಇಳಿಸಿಕೊಂಡದ್ದು ಇನ್ನೊಂದು, ತಡೆದದ್ದು ಮತ್ತೊಂದು. ಆ ಮೂರೂ ಇಲಾಖೆಗಳು ಕಳುಹಿಸುವ ಮುನ್ನ ಒಂದೇ ಮೇಜಿನ ಸುತ್ತ ಕುಳಿತಿರಲಿಲ್ಲ. ಉತ್ತರ ಕರ್ನಾಟಕದ 2009ರ ನೆರೆಯಲ್ಲಾಗಲಿ, 2018ರಲ್ಲಿ ಕೊಡಗಿನಲ್ಲಾಗಲಿ ಕೆಲಸ ಮಾಡಿದವರು ಇದರ ಸಣ್ಣ ರೂಪವನ್ನು ಕಂಡಿರುತ್ತಾರೆ. ಲಾರಿಗಟ್ಟಲೆ ಹಳೆಯ ಬಟ್ಟೆ ಬಂದು ಬೀಳುತ್ತದೆ, ಬೇಕಾಗಿದ್ದ ಟಾರ್ಪಾಲು ಮಾತ್ರ ಬಂದಿರುವುದಿಲ್ಲ. ಬಂದದ್ದನ್ನು ವಿಂಗಡಿಸಲು ತಹಶೀಲ್ದಾರ್ ಕಚೇರಿಯ ಜನ ತಮ್ಮ ಬೇರೆ ಕೆಲಸ ಬಿಟ್ಟು ನಿಲ್ಲಬೇಕಾಗುತ್ತದೆ.

ಹಣದ ವಿಷಯದಲ್ಲಾದರೂ ಸುಗಮವಾಗಿರಬಹುದೆಂದು ನಾವು ಊಹಿಸುತ್ತೇವೆ. ಅಮೆರಿಕದ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆ 2006ರಲ್ಲಿ ಕೊಟ್ಟ ವರದಿ ಬೇರೆಯದನ್ನೇ ಹೇಳುತ್ತದೆ. 2005ರ ಕೊನೆಯ ಹೊತ್ತಿಗೆ ವಿದೇಶಗಳಿಂದ ಸರ್ಕಾರಕ್ಕೆ ಬಂದ ನಗದು ಸುಮಾರು 12.6 ಕೋಟಿ ಡಾಲರ್. ಅದರಲ್ಲಿ 6.6 ಕೋಟಿಯನ್ನು ಸಂತ್ರಸ್ತ ಕುಟುಂಬಗಳ ನೆರವಿಗೆಂದು ಸ್ವಯಂಸೇವಾ ಸಂಸ್ಥೆಗಳ ಒಕ್ಕೂಟವೊಂದಕ್ಕೆ ಕೊಟ್ಟರೆ, ಉಳಿದ ಸುಮಾರು 6 ಕೋಟಿ ಬಡ್ಡಿ ಬಾರದ ಖಾತೆಯಲ್ಲಿ ತಿಂಗಳುಗಳ ಕಾಲ ಕುಳಿತಿತ್ತು. ಅಮೆರಿಕ ತಾನು ಜಗತ್ತಿಗೆಲ್ಲ ನೆರವು ಕೊಡುವ ದೇಶವೆಂದು ತಿಳಿದಿತ್ತು. ನೆರವು ಕೊಡುವ ಕಚೇರಿ ಅದಕ್ಕೆ ಇತ್ತು, ತೆಗೆದುಕೊಳ್ಳುವ ಕಚೇರಿ ಇರಲಿಲ್ಲ. ಕೊನೆಗೆ ಹೊರದೇಶಗಳಿಗೆ ನೆರವು ಕಳುಹಿಸುವ ವಿಭಾಗದವರನ್ನೇ ಕರೆದು, ಲಿಟಲ್ ರಾಕ್ ವಾಯುನೆಲೆಯಲ್ಲಿ ಬಂದಿಳಿದ ಸಾಮಗ್ರಿಗಳ ಲೆಕ್ಕ ಇಡಲು ಹೇಳಬೇಕಾಯಿತು. ಭಾರತವು ವಾಯುಪಡೆಯ ಐಎಲ್-76 ವಿಮಾನದಲ್ಲಿ ಕಳುಹಿಸಿದ 25 ಟನ್ ಟಾರ್ಪಾಲು, ಹೊದಿಕೆ ಮತ್ತು ನೈರ್ಮಲ್ಯ ಸಾಮಗ್ರಿಗಳು ಇಳಿದದ್ದೂ ಅಲ್ಲಿಯೇ. ಅದರ ಜೊತೆಗೆ ನಮ್ಮ ಸರ್ಕಾರ 50 ಲಕ್ಷ ಡಾಲರನ್ನು ಅಮೆರಿಕನ್ ರೆಡ್ ಕ್ರಾಸ್‌ಗೆ ನೇರವಾಗಿ ಕೊಟ್ಟಿತ್ತು.

ನಂತರದ ವರ್ಷಗಳಲ್ಲಿ ಅಮೆರಿಕದ ವಿಪತ್ತು ನಿರ್ವಹಣಾ ಸಂಸ್ಥೆ ಮತ್ತು ವಿದೇಶಾಂಗ ಇಲಾಖೆಗಳು ಹೊರಗಿನ ನೆರವನ್ನು ಸ್ವೀಕರಿಸುವ ಕ್ರಮವನ್ನು ಲಿಖಿತವಾಗಿ ರೂಪಿಸಿಕೊಂಡವು. ಏನು ಬೇಕೆಂದು ನಾವು ಕೇಳುತ್ತೇವೆ, ಕೇಳಿದ್ದನ್ನು ಮಾತ್ರ ಕಳುಹಿಸಿ, ಎಂಬುದು ಅದರ ತಿರುಳು. ನನ್ನ ದೃಷ್ಟಿಯಲ್ಲಿ ಇದಕ್ಕಿಂತ ಒಳ್ಳೆಯ ಮಾದರಿ ಅದೇ ದೇಶದ ಈಶಾನ್ಯ ಮೂಲೆಯಲ್ಲಿದೆ. 1998ರ ಜನವರಿಯಲ್ಲಿ ಭೀಕರ ಹಿಮಗಡ್ಡೆಯ ಮಳೆಯಿಂದ ವಿದ್ಯುತ್ ಜಾಲವೇ ಕುಸಿದ ಅನುಭವದ ಮೇಲೆ, ನ್ಯೂ ಇಂಗ್ಲೆಂಡ್ ಭಾಗದ ರಾಜ್ಯಗಳೂ ಪೂರ್ವ ಕೆನಡಾದ ಪ್ರಾಂತ್ಯಗಳೂ ಪರಸ್ಪರ ನೆರವಿನ ಒಪ್ಪಂದ ಮಾಡಿಕೊಂಡವು. ಅಮೆರಿಕದ ಸಂಸತ್ತು 2007ರಲ್ಲಿ ಅದಕ್ಕೆ ಸಮ್ಮತಿ ನೀಡಿತು. ಗಡಿಯಾಚೆಯಿಂದ ಬರುವವರ ಪರವಾನಗಿಗೆ ಮನ್ನಣೆ, ಅವಘಡವಾದರೆ ಹೊಣೆ, ಖರ್ಚು ತುಂಬಿಕೊಡುವ ಬಗೆ, ಇವನ್ನೆಲ್ಲ ಗಾಳಿ ಬೀಸುವ ಮೊದಲೇ ಕಾಗದದ ಮೇಲೆ ತೀರ್ಮಾನಿಸಿಟ್ಟುಕೊಳ್ಳುವುದು ಇಂಥ ಒಪ್ಪಂದಗಳ ಕೆಲಸ. ಮೆಕ್ಸಿಕೋ ಕೊಲ್ಲಿಯ ತೀರದಲ್ಲಿ 2005ರಲ್ಲಿ ಅಂಥದೊಂದು ಇದ್ದಿದ್ದರೆ ಎಷ್ಟೋ ದಿನಗಳು ಉಳಿಯುತ್ತಿದ್ದವು.

ನೆರೆಯ ದೇಶಕ್ಕೂ ತನ್ನದೇ ವಿಪತ್ತುಗಳಿರುತ್ತವೆ ಎಂಬುದನ್ನೂ ಯೋಜನೆಯಲ್ಲಿ ಲೆಕ್ಕಕ್ಕೆ ಹಿಡಿಯಬೇಕು. 2017ರಲ್ಲಿ ಹಾರ್ವಿ ಚಂಡಮಾರುತ ಟೆಕ್ಸಾಸನ್ನು ಮುಳುಗಿಸಿದಾಗ ಮೆಕ್ಸಿಕೋ ಮತ್ತೆ ನೆರವಿಗೆ ಮುಂದಾಯಿತು, ಆದರೆ ಸೆಪ್ಟೆಂಬರ್ 7ರಂದು ತನ್ನದೇ ದಕ್ಷಿಣ ಭಾಗದಲ್ಲಿ ದೊಡ್ಡ ಭೂಕಂಪವಾದದ್ದರಿಂದ ಆ ಕೊಡುಗೆಯನ್ನು ಹಿಂದಕ್ಕೆ ಪಡೆಯಬೇಕಾಯಿತು.

ಇಲ್ಲಿಯವರೆಗೆ ಹೇಳಿದ್ದೆಲ್ಲ ಮೊದಲ ಕೆಲವು ವಾರಗಳ ಮಾತು. ನಗರ ಚೇತರಿಸಿಕೊಳ್ಳುವುದು ವರ್ಷಗಳ ಕೆಲಸ, ಮತ್ತು ಆ ವರ್ಷಗಳಲ್ಲಿ ನೆರೆಯ ದೇಶಗಳಿಂದ ಬಂದ ಅತಿ ದೊಡ್ಡ ನೆರವು ಯಾವ ಸರ್ಕಾರದ ಪಟ್ಟಿಯಲ್ಲೂ ಇಲ್ಲ. ಅದು ಕೂಲಿಕಾರರದು. ನೀರು ಇಳಿದ ಮನೆಗಳಲ್ಲಿ ಗೋಡೆಯ ಹಲಗೆಗಳನ್ನು ಕಿತ್ತು, ಬೂಷ್ಟು ಹಿಡಿದ ಸಾಮಾನು ಹೊರಹಾಕಿ, ಛಾವಣಿ ಹೊದಿಸಿದವರಲ್ಲಿ ಮೆಕ್ಸಿಕೋ, ಹೊಂಡುರಾಸ್ ಮೊದಲಾದ ದೇಶಗಳ ಮೂಲದವರು ಬಹಳ ಮಂದಿ. ಮರುನಿರ್ಮಾಣದ ಕೆಲಸಗಾರರಲ್ಲಿ ಸುಮಾರು ಅರ್ಧದಷ್ಟು ಜನ ಲ್ಯಾಟಿನ್ ಅಮೆರಿಕ ಮೂಲದವರೆಂದು ತುಲೇನ್ ಮತ್ತು ಬರ್ಕ್ಲಿ ವಿಶ್ವವಿದ್ಯಾಲಯಗಳ ಸಂಶೋಧಕರು 2006ರಲ್ಲಿ ಕಂಡುಕೊಂಡರು. ಅವರಲ್ಲಿ ಅನೇಕರ ಬಳಿ ದಾಖಲೆಗಳಿರಲಿಲ್ಲ. ಚಂಡಮಾರುತದ ನಂತರ ಒಕ್ಕೂಟ ಸರ್ಕಾರವು ಕೆಲಸಗಾರರ ದಾಖಲೆ ಕೇಳದ ಮಾಲೀಕರ ಮೇಲಿನ ಕ್ರಮವನ್ನು 45 ದಿನ ತಡೆಹಿಡಿದಿತ್ತು. ಸರ್ಕಾರಿ ಕಾಮಗಾರಿಗಳಿಗೆ ಅನ್ವಯಿಸುವ ಕೂಲಿ ದರದ ಕಾನೂನನ್ನೂ ಎರಡು ತಿಂಗಳು ಅಮಾನತಿನಲ್ಲಿಟ್ಟಿತ್ತು. ಅಂದರೆ ಕೆಲಸಗಾರರನ್ನು ಕರೆಸಿಕೊಳ್ಳುವ ಬಾಗಿಲು ತೆರೆಯಿತು, ಅವರನ್ನು ಕಾಪಾಡುವ ಬಾಗಿಲು ಮುಚ್ಚಿತು. ದುಡಿದ ಕೂಲಿ ಸಿಗದವರು, ಮುಖಗವಸು ಇಲ್ಲದೆ ಬೂಷ್ಟಿನಲ್ಲಿ ಕೆಲಸ ಮಾಡಿದವರು ಎಷ್ಟೋ ಜನ. 2002ರಲ್ಲಿ ಮುಚ್ಚಿದ್ದ ತನ್ನ ನ್ಯೂ ಆರ್ಲಿಯನ್ಸ್ ದೂತಾವಾಸವನ್ನು ಮೆಕ್ಸಿಕೋ 2008ರಲ್ಲಿ ಮತ್ತೆ ತೆರೆದದ್ದು ಹೀಗೆ ಬಂದು ನೆಲೆಸಿದ ತನ್ನ ಜನರಿಗಾಗಿ.

ಈ ಅಧ್ಯಾಯದಲ್ಲಿ ಭಾರತೀಯರೂ ಇದ್ದಾರೆ. ಮೆಕ್ಸಿಕೋ ಕೊಲ್ಲಿಯಲ್ಲಿ ಹಾನಿಗೊಂಡ ತೈಲ ಸ್ಥಾವರಗಳ ದುರಸ್ತಿಗೆಂದು ಸುಮಾರು 500 ಭಾರತೀಯ ವೆಲ್ಡರುಗಳನ್ನೂ ಪೈಪ್ ಫಿಟ್ಟರುಗಳನ್ನೂ ಒಂದು ಕಂಪನಿ ತಾತ್ಕಾಲಿಕ ವೀಸಾದ ಮೇಲೆ ಮಿಸಿಸಿಪ್ಪಿ ಮತ್ತು ಟೆಕ್ಸಾಸಿಗೆ ಕರೆಸಿಕೊಂಡಿತು. ಗ್ರೀನ್ ಕಾರ್ಡ್ ಸಿಗುತ್ತದೆಂಬ ಮಾತನ್ನು ನಂಬಿ, ಸಾಲ ಮಾಡಿ ಸಾವಿರಾರು ಡಾಲರ್ ತೆತ್ತು ಹೋದವರು ಇಕ್ಕಟ್ಟಾದ ಶಿಬಿರಗಳಲ್ಲಿ ಬಾಡಿಗೆ ಕೊಟ್ಟು ಬದುಕಬೇಕಾಯಿತು. ಅವರಲ್ಲಿ ಹಲವರು 2008ರಲ್ಲಿ ಕೆಲಸ ಬಿಟ್ಟು ಹೊರಬಂದು, ನ್ಯೂ ಆರ್ಲಿಯನ್ಸಿನಿಂದ ವಾಷಿಂಗ್ಟನ್‌ವರೆಗೆ ಸತ್ಯಾಗ್ರಹದ ಯಾತ್ರೆ ಹೊರಟರು. 2015ರ ಫೆಬ್ರವರಿಯಲ್ಲಿ ನ್ಯೂ ಆರ್ಲಿಯನ್ಸಿನ ನ್ಯಾಯಾಲಯದಲ್ಲಿ ಪಂಚರ ಮಂಡಳಿ ಐವರು ಕಾರ್ಮಿಕರಿಗೆ 1.4 ಕೋಟಿ ಡಾಲರ್ ಪರಿಹಾರ ನೀಡಬೇಕೆಂದು ತೀರ್ಪು ಕೊಟ್ಟಿತು.

ವಿಪತ್ತು ನಿರ್ವಹಣೆಯ ಯೋಜನೆಗಳನ್ನು ಓದುವುದು ನನ್ನ ಕೆಲಸದ ಭಾಗ. ವಿಮಾನ ಎಲ್ಲಿಳಿಯಬೇಕು, ಗೋದಾಮಿನ ಬೀಗದ ಕೈ ಯಾರ ಬಳಿ ಇರಬೇಕು, ಸಾಮಗ್ರಿಗಳ ಬೇಡಿಕೆ ಪತ್ರವಾದ ಇಂಡೆಂಟಿಗೆ ಯಾರು ಸಹಿ ಹಾಕಬೇಕು ಎಂಬುದು ಈಗೀಗ ಅವುಗಳಲ್ಲಿ ಸ್ಪಷ್ಟವಾಗಿ ಕಾಣಿಸುತ್ತಿದೆ. ಆದರೆ ನೀರು ಇಳಿದ ಮೇಲೆ ಹೊರಗಿನಿಂದ ಬರುವ ಕೆಲಸಗಾರರು ಎಲ್ಲಿ ಮಲಗಬೇಕು, ಅವರ ಹೆಸರನ್ನು ಯಾರು ಬರೆದುಕೊಳ್ಳಬೇಕು, ಕೂಲಿ ಸಿಗದಿದ್ದರೆ ಯಾವ ಕಚೇರಿಯ ಬಾಗಿಲು ತಟ್ಟಬೇಕು ಎಂಬ ಪುಟ, ನಾನು ಓದಿದ ಬಹುತೇಕ ಯೋಜನೆಗಳಲ್ಲಿ ಇನ್ನೂ ಇಲ್ಲ. ಕರಡುಗಳ ಮೇಲೆ ಅಭಿಪ್ರಾಯ ಕೇಳಿದಾಗಲೆಲ್ಲ ನಾನು ಮೊದಲು ಕೇಳುವುದು ಆ ಪುಟವನ್ನು.