ಬಿರುಕಿನೊಳಗಿನ ಬಂಗಾರ

ಲಾಲ್‌ಬಾಗಿನ ಬಂಡೆಯ ಮೇಲೆ ಬೆಳಗಿನ ನಡಿಗೆಗೆ ಹೋದವರು ಒಮ್ಮೆ ಕುಕ್ಕರಗಾಲಿನಲ್ಲಿ ಕುಳಿತು ಕಾಲಬುಡವನ್ನು ನೋಡಬೇಕು. ಬೂದುಬಣ್ಣದ ಕಲ್ಲಿನ ಮೈಮೇಲೆ ಬಿಳಿಯ ಎಳೆಗಳು ಬಳುಕುತ್ತಾ ಸಾಗಿವೆ. ಸುಮಾರು 300 ಕೋಟಿ ವರ್ಷಗಳ ಹಿಂದೆ, ನೆಲದಾಳದ ಕಾವಿಗೆ ಕಲ್ಲು ಕಣಕದಂತೆ ಮೆತ್ತಗಾಗಿ ಮಡಿಸಿಕೊಂಡ ಗುರುತು ಅದು. ಈ ಬಂಡೆಯಲ್ಲಿ ಚಿನ್ನವಿಲ್ಲ. ಆದರೆ ಪೂರ್ವಕ್ಕೆ ಹೋದರೆ ಕೋಲಾರದಲ್ಲಿ ಇದೇ ಜಾತಿಯ ಬಂಡೆಗಳ ನಡುವೆ ಸುಮಾರು 80 ಕಿ.ಮೀ. ಉದ್ದದ, ಕೆಲವೇ ಕಿ.ಮೀ. ಅಗಲದ ಕಡುಗಪ್ಪು ಶಿಲೆಯ ಪಟ್ಟಿಯೊಂದು ಸಿಕ್ಕಿಕೊಂಡಿದೆ. ಅದು ಒಂದು ಕಾಲದಲ್ಲಿ ಕಡಲ ತಳದಲ್ಲಿ ಹರಿದ ಲಾವಾ. ಕೋಲಾರದ ಬಂಗಾರವೆಲ್ಲ ಇದ್ದದ್ದು ಆ ಪಟ್ಟಿಯ ಬಿರುಕುಗಳಲ್ಲಿ.

ಬಂಗಾರ ಬಿರುಕಿಗೆ ಬಂದದ್ದು ನೀರಿನ ಬೆನ್ನೇರಿ. ನೂರಾರು ಡಿಗ್ರಿ ಕಾವಿನ, ಗಂಧಕ ಬೆರೆತ ನೀರು ಆಳದ ಶಿಲೆಗಳಿಂದ ಚಿನ್ನವನ್ನು ಕರಗಿಸಿಕೊಂಡು ಮೇಲೇರುತ್ತದೆ. ಭೂಕಂಪನಕ್ಕೆ ಬಂಡೆ ಸೀಳಿದಾಗ ಒತ್ತಡ ದಿಢೀರನೆ ಕುಸಿಯುತ್ತದೆ. ನೀರಿಗೆ ಹೊರೆ ಹೊರುವ ಶಕ್ತಿ ಉಳಿಯುವುದಿಲ್ಲ. ಬೆಣಚುಕಲ್ಲು ಗಟ್ಟಿಯಾಗುತ್ತದೆ, ಅದರ ಜೊತೆಯಲ್ಲೇ ಚಿನ್ನವೂ. ಬಿರುಕು ಮುಚ್ಚುತ್ತದೆ, ಒತ್ತಡ ಏರುತ್ತದೆ, ಮತ್ತೆ ಸೀಳುತ್ತದೆ. ಹೀಗೆ ಪದರದ ಮೇಲೆ ಪದರ ಕೂಡಿದ ಬೆಣಚುಕಲ್ಲಿನ ಪಟ್ಟೆಗೆ ಸಿರ ಎನ್ನುತ್ತಾರೆ; ಕೋಲಾರದ ಮುಖ್ಯ ಸಿರವೇ ಚಾಂಪಿಯನ್ ರೀಫ್.

1802ರಲ್ಲಿ ಇಲ್ಲಿ ಸರ್ವೆಗೆ ಬಂದ ಲೆಫ್ಟಿನೆಂಟ್ ಜಾನ್ ವಾರನ್‌ಗೆ ಮಣ್ಣು ತೊಳೆದು ಚಿನ್ನದ ಕಣ ತೋರಿಸಿದವರು ಹಳ್ಳಿಯವರು. ಚಿನ್ನ ಪತ್ತೆಹಚ್ಚಿದ ಕೀರ್ತಿಯನ್ನು ವಾರನ್‌ಗೋ ಲ್ಯಾವೆಲ್‌ಗೋ ಕೊಡುವಾಗ ಈ ಜನರನ್ನು ಮರೆಯುವುದು ಅನ್ಯಾಯವೆಂದೇ ನನ್ನ ಭಾವನೆ. ಮೈಕೆಲ್ ಲ್ಯಾವೆಲ್ ಎಂಬ ನಿವೃತ್ತ ಸೈನಿಕ ಮೈಸೂರು ಸರ್ಕಾರಕ್ಕೆ ಗಣಿ ಪರವಾನಗಿ ಕೇಳಿ ಬರೆದದ್ದು 1873ರಲ್ಲಿ. ನಮ್ಮ ಬೆಂಗಳೂರಿನ ಲ್ಯಾವೆಲ್ ರಸ್ತೆಗೆ ಅವನದೇ ಹೆಸರು. 1880ರಲ್ಲಿ ಇಂಗ್ಲೆಂಡಿನ ಜಾನ್ ಟೇಲರ್ ಗಣಿ ಕಂಪನಿ ಬಂತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು 147 ಕಿ.ಮೀ. ತಂತಿಯ ಮೇಲೆ ಹರಿದು ಮೊದಲು ತಲುಪಿದ್ದು ಗಣಿಯನ್ನು. ಬೆಂಗಳೂರಿಗೆ ದೀಪ ಬಂದದ್ದು 1905ರಲ್ಲಿ.

ಸಿರದ ಬೆನ್ನುಹತ್ತಿ ಗಣಿ 3 ಕಿ.ಮೀ. ಆಳ ದಾಟಿತು. ಆ ಆಳದಲ್ಲಿ ಒಂದು ಚದರ ಮೀಟರ್ ಕಲ್ಲಿನ ಮೇಲೆ ಎಂಟು ಸಾವಿರ ಟನ್‌ಗೂ ಮಿಕ್ಕಿದ ಹೊರೆ ಕೂತಿರುತ್ತದೆ. ಸುತ್ತಲಿನ ಬಂಡೆಯ ಬಿಸಿ 65 ಡಿಗ್ರಿಯ ಆಸುಪಾಸು. ಅದಿರು ತೆಗೆದು ಟೊಳ್ಳಾದ ಕಡೆ ಅಕ್ಕಪಕ್ಕದ ಗೋಡೆ ಮೆಲ್ಲನೆ ಒಳಸರಿಯುತ್ತದೆ, ಬಿಗಿಯುತ್ತದೆ, ಕೊನೆಗೊಮ್ಮೆ ಗುಂಡಿನಂತೆ ಸಿಡಿಯುತ್ತದೆ. ಇದೇ ಬಂಡೆ ಸಿಡಿತ. ಅದನ್ನು ತಡೆಯಲೆಂದು ಗಣಿಯವರು ಆ ಆಳಕ್ಕೆ ಗ್ರಾನೈಟ್ ದಿಮ್ಮಿಗಳನ್ನು ಇಳಿಸಿ ಗೋಡೆ ಕಟ್ಟುತ್ತಿದ್ದರು. ಮೇಲಿನಿಂದ ಕಲ್ಲು ಹೊತ್ತುಕೊಂಡು ಕಲ್ಲಿನ ಹೊಟ್ಟೆಗಿಳಿದ ಆ ಕೂಲಿಗಳನ್ನು ನೆನೆದರೆ ಎದೆ ಭಾರವಾಗುತ್ತದೆ. ಸಿಡಿತದ ಅದುರು ಮೇಲಿನ ಮನೆಗಳಿಗೂ ಮುಟ್ಟುತ್ತಿತ್ತು. ಕೆಳಪಾಳಿಗೆ ಗಂಡನನ್ನು ಕಳಿಸಿದ ಹೆಂಗಸಿಗೆ ಅದರ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಅಷ್ಟು ಆಳದ ಕತ್ತಲೆ ವಿಜ್ಞಾನಿಗಳಿಗೆ ವರವಾಯಿತು. ಬಾಹ್ಯಾಕಾಶದಿಂದ ಸುರಿಯುವ ವಿಶ್ವಕಿರಣಗಳ ಗದ್ದಲವನ್ನೆಲ್ಲ ಮೇಲಿನ ಬಂಡೆಯೇ ಸೋಸಿಬಿಡುತ್ತಿದ್ದುದರಿಂದ, ವಾಯುಮಂಡಲದಲ್ಲಿ ಹುಟ್ಟಿ ಬಂಡೆಯನ್ನೂ ತೂರಿ ಬರುವ ಸೂಕ್ಷ್ಮ ಕಣಗಳಾದ ನ್ಯೂಟ್ರಿನೊಗಳ ಸುಳಿವು 1965ರಲ್ಲಿ ಇಲ್ಲಿಯೇ ದೊರೆಯಿತು.

ಕೊನೆಗಾಲದಲ್ಲಿ ಒಂದು ಟನ್ ಅದಿರಿಗೆ ಸಿಗುತ್ತಿದ್ದುದು ಸುಮಾರು 3 ಗ್ರಾಂ ಚಿನ್ನ. ಎಪ್ಪತ್ತು ಸೆಂ.ಮೀ. ಉದ್ದ, ಅಗಲ, ಎತ್ತರದ ಬಂಡೆಯನ್ನು ಹಿಟ್ಟು ಮಾಡಿದರೆ ಒಣ ಬಟಾಣಿಗಿಂತ ತುಸು ಚಿಕ್ಕದಾದ ಒಂದು ಕಾಳು. ಅಷ್ಟರಿಂದ ಗಣಿಯ ಹೊಟ್ಟೆ ತುಂಬಲಿಲ್ಲ. 2001ರ ಫೆಬ್ರವರಿ 28ರಂದು ಬಾಗಿಲು ಮುಚ್ಚಿತು. ಪಂಪುಗಳು ನಿಂತ ಸುರಂಗಗಳಿಗೆ ನೀರು ನುಗ್ಗಿತು. ಸುಮಾರು 120 ವರ್ಷಗಳಲ್ಲಿ ಹೊರಬಂದ ಬಂಗಾರ ಸುಮಾರು 800 ಟನ್. ಸೈನೈಡಿನಿಂದ ಚಿನ್ನ ಸೆಳೆದು ಉಳಿದ ಹಿಟ್ಟು ಕೋಟ್ಯಂತರ ಟನ್ನುಗಳ ಸೈನೈಡ್ ದಿಬ್ಬಗಳಾಗಿ ಊರ ನಡುವೆ ಕುಳಿತಿದೆ. ಗಾಳಿ ಬಲವಾಗಿ ಬೀಸಿದ ದಿನ ಆ ಪುಡಿ ಎದ್ದು ಕಾರ್ಮಿಕರ ಸಾಲುಮನೆಗಳ ಮೇಲೆ, ಒಣಗಲು ಹಾಕಿದ ಬಟ್ಟೆಯ ಮೇಲೆ ಇಳಿಯುತ್ತದೆ.