ಡಿಸ್ಕಿನ ಬುಡದಲ್ಲೇ ಸೋಸುವ ಯಂತ್ರ

ಡೇಟಾಬೇಸ್ ನಿಧಾನವಾಯಿತೆಂದರೆ ಪ್ರೊಸೆಸರ್ ಬದಲಿಸಿ, ಮೆಮೊರಿ ಹೆಚ್ಚಿಸಿ ಎನ್ನುವ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿ ಬೇರೂರಿದೆ. ದೊಡ್ಡ ವರದಿಗಳ ವಿಷಯದಲ್ಲಿ ಇದು ಎಷ್ಟೋ ಸಲ ದಂಡ ಖರ್ಚು. ಅಲ್ಲಿ ಪ್ರೊಸೆಸರ್ ಕೆಲಸವಿಲ್ಲದೆ ಕಾಯುತ್ತಿರುತ್ತದೆ. ಇಕ್ಕಟ್ಟಾಗಿರುವುದು ಡಿಸ್ಕಿನಿಂದ ಅದರವರೆಗಿನ ದಾರಿ.

ಶಿರಸಿಯ ಅಡಿಕೆ ಸಹಕಾರ ಸಂಘವೊಂದರ ವಹಿವಾಟಿನ ಲೆಕ್ಕವೆಲ್ಲ 1 ಟೆರಾಬೈಟಿನ ಒಂದೇ ಟೇಬಲ್‌ನಲ್ಲಿದೆ ಎಂದಿಟ್ಟುಕೊಳ್ಳಿ. ಕಳೆದ ಮಾರ್ಚಿನಲ್ಲಿ ಚಾಲಿ ಎಂಬ ಬಗೆಯ ಅಡಿಕೆ ಎಷ್ಟು ಕ್ವಿಂಟಲ್ ಮಾರಾಟವಾಯಿತು ಎಂದು ಕೇಳಿದರೆ, ಮಾಮೂಲಿ ಸ್ಟೋರೇಜಿಗೆ ಚಾಲಿಯೂ ಗೊತ್ತಿಲ್ಲ, ಮಾರ್ಚೂ ಗೊತ್ತಿಲ್ಲ. ಗೋದಾಮಿನ ಚೀಲಗಳನ್ನೆಲ್ಲ ಕಚೇರಿಗೆ ಹೊರಿಸಿ, ಅಲ್ಲಿ ಬಿಚ್ಚಿ ಚಾಲಿ, ರಾಶಿ, ಬೆಟ್ಟೆ ಬೇರೆ ಮಾಡಿದ ಹಾಗೆ ಅದು ಇಡೀ ಟೇಬಲ್ ಕಳಿಸುತ್ತದೆ. ಸೆಕೆಂಡಿಗೆ ತಲಾ 800 ಮೆಗಾಬೈಟ್ ಸಾಗಿಸುವ ಎರಡು ಫೈಬರ್ ಚಾನೆಲ್ ಕೇಬಲ್‌ಗಳಿದ್ದರೂ 10 ನಿಮಿಷ ದಾಟುತ್ತದೆ.

ಡೇಟಾಬೇಸ್ ಕಂಪನಿ ಒರಾಕಲ್ 2008ರಲ್ಲಿ ಎಚ್‌ಪಿ ಜೊತೆ ತಂದ ಎಕ್ಸಾಡೇಟಾ ಎಂಬ ಡೇಟಾಬೇಸ್ ಯಂತ್ರ ಈ ಹೊರೆಯನ್ನೇ ತಪ್ಪಿಸಿತು. ಮರುವರ್ಷದ ಆವೃತ್ತಿಯ ಪೂರ್ಣ ರ್‍ಯಾಕ್‌ನಲ್ಲಿ 8 ಡೇಟಾಬೇಸ್ ಸರ್ವರ್, 14 ಸ್ಟೋರೇಜ್ ಸರ್ವರ್. ಪ್ರತಿ ಸ್ಟೋರೇಜ್ ಸರ್ವರಿಗೆ 12 ಡಿಸ್ಕ್, ಒಟ್ಟು 168. ಡಿಸ್ಕಿಗೆ 150 ಮೆಗಾಬೈಟ್ ಹಿಡಿದರೂ ಸೆಕೆಂಡಿಗೆ 25 ಗಿಗಾಬೈಟ್; ಆ 1 ಟೆರಾಬೈಟ್ 40 ಸೆಕೆಂಡಿನಲ್ಲಿ ಓದಿ ಮುಗಿಯುತ್ತದೆ. ಸ್ಟೋರೇಜ್ ಸರ್ವರುಗಳಿಗೆ ತಮ್ಮದೇ ಪ್ರೊಸೆಸರ್ ಇದೆ. ಅವು ಬೇಕಾದ ಸಾಲು, ಬೇಕಾದ ಕಾಲಂ ಮಾತ್ರ ಸೋಸಿ ಮೇಲೆ ಕಳಿಸುತ್ತವೆ. ಇದೇ ಸ್ಮಾರ್ಟ್ ಸ್ಕ್ಯಾನ್.

ಉಪಾಯ ಹಳೆಯದು. ಬ್ರಿಟನ್ನಿನ ಕಂಪ್ಯೂಟರ್ ಕಂಪನಿ ಐಸಿಎಲ್ 1970ರ ದಶಕದಲ್ಲೇ ಡಿಸ್ಕಿನ ಪಕ್ಕ ಸೋಸುವ ಯಂತ್ರಾಂಶ ಕೂರಿಸಿತ್ತು. 1983ರಲ್ಲಿ ಸಂಶೋಧಕರಾದ ಬೊರಾಲ್ ಮತ್ತು ಡಿವಿಟ್ ಇಂಥ ಡೇಟಾಬೇಸ್ ಯಂತ್ರಗಳ ಕಾಲ ಮುಗಿಯಿತೇ ಎಂದು ಪ್ರಶ್ನಿಸಿದ್ದರು: ಡಿಸ್ಕ್ ಕೊಡುವುದೇ ನಿಧಾನವಾದರೆ ಪಕ್ಕದಲ್ಲಿ ಎಷ್ಟು ಪ್ರೊಸೆಸರ್ ಇಟ್ಟರೇನು? ಅವತ್ತಿಗೆ ಸರಿಯಾದ ಪ್ರಶ್ನೆ. ಅಗ್ಗದ ಡಿಸ್ಕುಗಳ ಸಾಲು, ಆಮೇಲೆ ಫ್ಲ್ಯಾಶ್ ಬಂದ ಮೇಲೆ ಲೆಕ್ಕ ತಿರುಗಿತು.

ಎಕ್ಸಾಡೇಟಾದಲ್ಲಿ ಅತ್ಯಂತ ಸೊಗಸಾದದ್ದು ಸ್ಟೋರೇಜ್ ಇಂಡೆಕ್ಸ್. ಡಿಸ್ಕಿನ ಪ್ರತಿ 1 ಮೆಗಾಬೈಟ್ ತುಂಡಿಗೆ ಕೆಲವು ಕಾಲಂಗಳ ಕನಿಷ್ಠ, ಗರಿಷ್ಠ ಮೌಲ್ಯವನ್ನು ಸ್ಟೋರೇಜ್ ಸರ್ವರ್ ತನ್ನ ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತದೆ. ಒಂದು ತುಂಡಿನ ದಿನಾಂಕ ಜೂನ್ 3ರಿಂದ ಜೂನ್ 5ರವರೆಗೆ ಎಂದಿದ್ದರೆ, ಮಾರ್ಚ್ ಹುಡುಕುವಾಗ ಅದನ್ನು ಓದುವುದೇ ಇಲ್ಲ. ವ್ಯಾಪಾರದ ಸಾಲುಗಳು ದಿನಾಂಕದ ಕ್ರಮದಲ್ಲೇ ಸೇರುವುದರಿಂದ ಬಹುಪಾಲು ತುಂಡುಗಳು ಹೀಗೇ ತಪ್ಪುತ್ತವೆ. ಅದೇ ಸದಸ್ಯ ಸಂಖ್ಯೆಯಿಂದ ಹುಡುಕಿ ನೋಡಿ: 12ನೇ ಸದಸ್ಯರೂ 9,000ನೇ ಸದಸ್ಯರೂ ಒಂದೇ ದಿನ ಮಾಲು ತಂದಿರುತ್ತಾರೆ, ಪ್ರತಿ ತುಂಡಿನ ವ್ಯಾಪ್ತಿ 12ರಿಂದ 9,000, ಒಂದನ್ನೂ ಬಿಡುವಂತಿಲ್ಲ. ಸದಸ್ಯವಾರು ವರದಿಯೇ ಮುಖ್ಯವಾದರೆ ಡೇಟಾ ತುಂಬುವಾಗಲೇ ಆ ಸಂಖ್ಯೆಯ ಕ್ರಮದಲ್ಲಿ ತುಂಬಬೇಕು. ಹಳೆಯ ಆವೃತ್ತಿಗಳಲ್ಲಿ ಈ ಗುರುತುಗಳು ಮೆಮೊರಿಯಲ್ಲಷ್ಟೇ ಇದ್ದುದರಿಂದ ಸರ್ವರ್ ರೀಸ್ಟಾರ್ಟ್ ಆದ ಮೇಲಿನ ಮೊದಲ ವರದಿ ನಿಧಾನವಾಗುವುದು ಸಹಜವಾಗಿತ್ತು.

ಒಬ್ಬ ಸದಸ್ಯನ ಬಾಕಿಯನ್ನು ಮಾಮೂಲಿ ಇಂಡೆಕ್ಸ್ ಮೂಲಕ ತೆಗೆಯುವಾಗ ಸ್ಮಾರ್ಟ್ ಸ್ಕ್ಯಾನಿಗೆ ಕೆಲಸವೇ ಇಲ್ಲ. ಅಲ್ಲಿ ನೆರವಾಗುವುದು ಪದೇ ಪದೇ ಬೇಕಾಗುವ ಡೇಟಾವನ್ನು ವೇಗದ ಫ್ಲ್ಯಾಶ್‌ನಲ್ಲಿ ಇಟ್ಟುಕೊಳ್ಳುವ ಫ್ಲ್ಯಾಶ್ ಕ್ಯಾಶ್. ಹುಡುಕುವ ಷರತ್ತಿನೊಳಗೆ ಒರಾಕಲ್‌ನ ಪಿಎಲ್/ಎಸ್‌ಕ್ಯೂಎಲ್ ಭಾಷೆಯಲ್ಲಿ ನೀವೇ ಬರೆದ ಫಂಕ್ಷನ್ ಇದ್ದರೆ ಆ ಷರತ್ತನ್ನು ಸ್ಟೋರೇಜ್ ಸೋಸಲಾರದು. ಇನ್ನೂ ಕಮಿಟ್ ಆಗದ, ಅಂದರೆ ಖಾಯಂ ಆಗದ ಬದಲಾವಣೆಗಳಿರುವ ಬ್ಲಾಕುಗಳು ಇಡಿಯಾಗಿ ಮೇಲೆ ಬರುತ್ತವೆ. ವರದಿಯನ್ನು ಹೇಗೆ ಓಡಿಸುವುದೆಂದು ಡೇಟಾಬೇಸ್ ಹಾಕಿಕೊಳ್ಳುವ ಪ್ಲ್ಯಾನ್‌ನಲ್ಲಿ ‘ಟೇಬಲ್ ಆಕ್ಸೆಸ್ ಸ್ಟೋರೇಜ್ ಫುಲ್’ ಎಂದು ಕಂಡಿತೆಂದು ನಿಶ್ಚಿಂತರಾಗಬೇಡಿ. ಸೋಸುವುದು ಸಾಧ್ಯ ಎಂದಷ್ಟೇ ಅದರ ಅರ್ಥ. ನಿಜವಾಗಿ ಸೋಸಿತೇ ಎಂದು ತಿಳಿಯಲು ವರದಿ ಓಡಿದ ಸೆಷನ್ನಿನ ಅಂಕಿಅಂಶಗಳಲ್ಲಿ ‘ಸೆಲ್ ಫಿಸಿಕಲ್ ಐಒ ಬೈಟ್ಸ್ ಸೇವ್ಡ್ ಬೈ ಸ್ಟೋರೇಜ್ ಇಂಡೆಕ್ಸ್’ ಮತ್ತು ‘ಸೆಲ್ ಫಿಸಿಕಲ್ ಐಒ ಇಂಟರ್‌ಕನೆಕ್ಟ್ ಬೈಟ್ಸ್ ರಿಟರ್ನ್ಡ್ ಬೈ ಸ್ಮಾರ್ಟ್ ಸ್ಕ್ಯಾನ್’ ಎಂಬ ಎರಡು ಸಾಲು ನೋಡಿ. ಎರಡೂ ಸೊನ್ನೆಯಾಗಿದ್ದರೆ ಹೊಸ ಯಂತ್ರ ಹಳೆಯ ರೀತಿಯಲ್ಲೇ ಬ್ಲಾಕು ಹೊರುತ್ತಿದೆ.