ಕಾಡಿಗೆಲ್ಲಿ ಹೋಗ್ತೀನಿ ನಾನು?

'ಜನರಿಗೆ ಅರಿವಿಲ್ಲ ಸಾರ್.' ಸರ್ಕಾರಿ ಯೋಜನೆಗಳ ವಿನ್ಯಾಸದ ಕೆಲಸಕ್ಕೆ ಬಂದಾಗಿನಿಂದ ಈ ಮಾತು ಕೇಳಿ ಕೇಳಿ ಸಾಕಾಗಿದೆ. ಯಾವ ಯೋಜನೆ ಸೋತರೂ ಕಡತದಲ್ಲಿ ಇದೇ ಕಾರಣ. ಪರಿಹಾರವೂ ರೆಡಿ: ಇನ್ನಷ್ಟು ಕರಪತ್ರ, ಒಂದು ಜಾಥಾ.

ಮಂಗನ ಕಾಯಿಲೆಯನ್ನೇ ನೋಡಿ. 1957ರಲ್ಲಿ ನಮ್ಮ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾಯಿತು. ಹರಡುವುದು ಉಣುಗಿನಿಂದ. ಅದಕ್ಕೇ ಉಣುಗು ಹತ್ತದಂತೆ ಮೈಗೆ ಹಚ್ಚುವ ಡೆಪಾ ಎಣ್ಣೆ ಹಂಚುತ್ತಾರೆ, 'ಕಾಡಿಗೆ ಹೋಗುವಾಗ ಹಚ್ಚಿಕೊಳ್ಳಿ' ಅಂತಾರೆ. ಎಷ್ಟೋ ಜನ ಹಚ್ಚಿಕೊಳ್ಳುವುದಿಲ್ಲ.

ತೀರ್ಥಹಳ್ಳಿ ಕಡೆಯ ಒಂದು ಮನೆಯಲ್ಲಿ ಅಮ್ಮ ಒಬ್ಬರು ರೋಗದ ಲಕ್ಷಣಗಳನ್ನು ನನಗಿಂತ ಚೆನ್ನಾಗಿ ಹೇಳಿದರು. ಮತ್ತೆ ಎಣ್ಣೆ ಯಾಕೆ ಹಚ್ಚಲ್ಲ ಅಂದೆ. 'ಕಾಡಿಗೆಲ್ಲಿ ಹೋಗ್ತೀನಿ ಮಾರಾಯ್ರೇ? ಇಲ್ಲೇ ಸೊಪ್ಪಿನ ಬೆಟ್ಟಕ್ಕೆ, ದರಗಿಗೆ ಅಷ್ಟೆ.' ದರಗು ಅಂದರೆ ಉದುರಿದ ಒಣ ಎಲೆ. ಕೊಟ್ಟಿಗೆ ದಾಟಿದರೆ ಬೆಟ್ಟ. ಬೇಸಿಗೆಯಲ್ಲಿ ದಿನಕ್ಕೆ ಮೂರು ಸಲ ಹೋಗಿ ಬರ್ತಾರೆ. ಕತ್ತಿ, ಬುಟ್ಟಿ ಎಲ್ಲ ಕೊಟ್ಟಿಗೆಯಲ್ಲಿ. ಬಾಟಲಿ ಮಾತ್ರ ಒಳಗೆ ಕಪಾಟಿನ ಮೇಲೆ. ಮೇಲಾಗಿ ಹಾಲು ಕರೆಯುವ ಕೈಗೆ ಆ ವಾಸನೆ ಬೇಡ.

ಇದರಲ್ಲಿ ಅರಿವಿನ ಕೊರತೆ ಎಲ್ಲಿದೆ? ಬಳಸುವವರ ಬದುಕು ನೋಡಿ ಯೋಜನೆ ರೂಪಿಸುವ ಡಿಸೈನ್ ಥಿಂಕಿಂಗ್ ಅಂದರೆ ಗೋಡೆ ತುಂಬ ಬಣ್ಣದ ಚೀಟಿ ಅಂಟಿಸುವುದಲ್ಲ. ಸಮಸ್ಯೆ ಏನು ಅಂತ ಬರೆಯುವ ಮೊದಲು ಆ ಕೊಟ್ಟಿಗೆಯಲ್ಲಿ ಅರ್ಧ ದಿನ ಕೂರುವುದು. ಇದಕ್ಕೆ 'ನಮ್ಮಲ್ಲೂ ಒಂದು ಡಿಸೈನ್ ಲ್ಯಾಬ್ ಮಾಡೋಣ' ಅನ್ನುವವರಿದ್ದಾರೆ. ಡೆನ್ಮಾರ್ಕ್ ಸರ್ಕಾರ 2002ರಲ್ಲೇ ಮೈಂಡ್‌ಲ್ಯಾಬ್ ಅಂತ ಒಂದನ್ನು ಮಾಡಿತ್ತು, 2018ರಲ್ಲಿ ಮುಚ್ಚಿತು. ಮಾಡಲಿ, ಬೇಡ ಅನ್ನಲ್ಲ. ಆದರೆ ಕೊಟ್ಟಿಗೆಗೆ ಹೋಗೋಕೆ ಲ್ಯಾಬ್ ಯಾಕೆ?

ಹತ್ತು ಮನೆಗಳಲ್ಲಿ ಬಾಟಲಿಯನ್ನು ಕತ್ತಿ ಸಿಗಿಸುವ ಕಂಬಕ್ಕೇ ಕಟ್ಟಿದೆವು. ಕೆಲವರು ಹಚ್ಚಿಕೊಳ್ಳತೊಡಗಿದರು. ಇದರಿಂದ ರೋಗ ಕಡಿಮೆಯಾಯಿತು ಅಂತ ನಾನು ಹೇಳಲ್ಲ, ಅದನ್ನು ಹೇಳಬೇಕಾದವರು ವೈದ್ಯರು. ಒಂದು ಮನೆಯಲ್ಲಿ ಅಜ್ಜ ಇಡೀ ಬಾಟಲಿಯನ್ನು ನಾಯಿಗೆ ಹಚ್ಚಿ ಮುಗಿಸಿದ್ದರು. ಅದಕ್ಕೂ ಉಣುಗು ಹತ್ತುತ್ತದಲ್ವಾ?

'ಹಾಗಾದ್ರೆ ಫೇಲ್ ಆಯ್ತಲ್ಲ' ಎಂದರು ಅಧಿಕಾರಿ. ಅವರು ಆಗಲೇ ಯೋಜನೆಯ ಉದ್ಘಾಟನೆಗೆ ದಿನ ನೋಡುತ್ತಿದ್ದರು. ಹೌದು ಸ್ವಾಮಿ, ಫೇಲ್ ಆಗಲಿ ಅಂತಲೇ ಹತ್ತು ಮನೆಯಲ್ಲಿ ಮಾಡಿದ್ದು. ಹತ್ತು ಸಾವಿರ ಬಾಟಲಿ ಹಂಚಿದ ಮೇಲೆ ನಾಯಿಯ ವಿಷಯ ಗೊತ್ತಾಗಿದ್ದರೆ? ಆಗಲೂ 'ಅರಿವಿಲ್ಲ' ಅಂತ ಬರೆದು ಜಾಥಾ ಮಾಡುತ್ತಿದ್ದರು.

ಮುಂದಿನ ವಾರ ಬಾಟಲಿ ಮೇಲಿನ ಚೀಟಿ ಬದಲಿಸಿದೆವು. 'ಕಾಡಿಗೆ' ಹೋಯಿತು, 'ದರಗಿಗೆ, ಸೌದೆಗೆ, ಸೊಪ್ಪಿಗೆ' ಬಂತು. ಕೆಳಗೆ ನಾಯಿಯ ಚಿತ್ರ ಬರೆದು ಅಡ್ಡಗೀಟು ಎಳೆದೆವು. ಅಜ್ಜ ಇನ್ನೂ ನನ್ನ ಜೊತೆ ಮಾತಾಡುತ್ತಿಲ್ಲ.